ಹಾರ್ಮೋನಿಕಾ ಎಂಬ ಹೆಸರು ಬಂದ ದಾರಿ

ಜಾತ್ರೆಯಲ್ಲಿ ಮಕ್ಕಳು ಆಸೆಪಟ್ಟು ಕೊಳ್ಳುವ ಮೌತ್ ಆರ್ಗನ್ ನಮಗೆಲ್ಲ ಗೊತ್ತು. ಅದರ ಇನ್ನೊಂದು ಹೆಸರು ಹಾರ್ಮೋನಿಕಾ. ಆದರೆ ಈ ಹೆಸರು ಮೊದಲು ಇದ್ದದ್ದು ಬಾಯಿಂದ ಊದುವ ವಾದ್ಯಕ್ಕಲ್ಲ, ಗಾಜಿನ ವಾದ್ಯಕ್ಕೆ.

ಸಿಡಿಲಿನ ಪ್ರಯೋಗದಿಂದ ಹೆಸರಾದ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿಜ್ಞಾನದ ಪಾಠದಲ್ಲಿ ನಮಗೆ ಪರಿಚಿತರು. ಇಂಗ್ಲೆಂಡಿನಲ್ಲಿದ್ದಾಗ ಅವರು ಗಾಜಿನ ಲೋಟಗಳ ಅಂಚನ್ನು ಒದ್ದೆ ಬೆರಳಿನಿಂದ ಉಜ್ಜಿ ನುಡಿಸುವ ಸಂಗೀತ ಕೇಳಿ ಮೆಚ್ಚಿದರು. 1761ರಲ್ಲಿ ಗಾಜಿನ ಬೋಗುಣಿಗಳನ್ನು ಕಬ್ಬಿಣದ ಸರಳಿಗೆ ಸಾಲಾಗಿ ಪೋಣಿಸಿ, ಕಾಲಿನಿಂದ ತುಳಿದು ತಿರುಗಿಸುವ ವಾದ್ಯ ಮಾಡಿದರು. ಸಂಗೀತಕ್ಕೆ ಒಪ್ಪುವ ಇಟಲಿಯ ಭಾಷೆಯ ಮೇಲಿನ ಗೌರವದಿಂದ ಅದಕ್ಕೆ ‘ಆರ್ಮೋನಿಕಾ’ ಎಂದು ಹೆಸರಿಟ್ಟರು. ಇದರ ಮೂಲ ‘ಹಾರ್ಮೋನಿಯಾ’ ಎಂಬ ಗ್ರೀಕ್ ಪದ. ಅದರ ಅರ್ಥ ಜೋಡಣೆ, ಹೊಂದಾಣಿಕೆ. 1791ರಲ್ಲಿ ಮೊಜಾರ್ಟ್ ಕೂಡ ಈ ವಾದ್ಯಕ್ಕಾಗಿ ಸಂಗೀತ ಬರೆದರು.

ಮುಂದೆ ಗಾಜಿನ ವಾದ್ಯ ಮೂಲೆ ಸೇರಿತು. ಹೆಸರು ಮಾತ್ರ ಉಳಿಯಿತು. 1820ರ ದಶಕದಲ್ಲಿ ಜರ್ಮನ್ ಭಾಷೆಯ ನಾಡುಗಳಲ್ಲಿ ಲೋಹದ ತೆಳು ನಾಲಗೆಗಳುಳ್ಳ, ಬಾಯಿಂದ ಊದುವ ಪುಟ್ಟ ವಾದ್ಯ ಬಳಕೆಗೆ ಬಂತು. ಜರ್ಮನರು ಹಳೆಯ ಹೆಸರಿಗೇ ‘ಬಾಯಿ’ ಎಂಬ ಪದ ಸೇರಿಸಿ ಅದನ್ನು ‘ಮುಂಡ್‌ಹಾರ್ಮೋನಿಕಾ’ ಎಂದರು. 1857ರಲ್ಲಿ ಟ್ರಾಸಿಂಗೆನ್ ಊರಿನ ಗಡಿಯಾರ ಕೆಲಸಗಾರ ಮಥಿಯಾಸ್ ಹೋನರ್ ಇದನ್ನು ತಯಾರಿಸಲು ತೊಡಗಿದರು. ಅಲ್ಲಿಂದ ಅದು ಜಗತ್ತಿಗೆಲ್ಲ ಹರಡಿತು.

ಹೆಸರು ವಾದ್ಯಕ್ಕೆ ಒಪ್ಪಿತು ಎನ್ನಲೇಬೇಕು. ಹತ್ತು ರಂಧ್ರದ ಸಾಮಾನ್ಯ ಹಾರ್ಮೋನಿಕಾದಲ್ಲಿ ಎಲ್ಲಿ ಊದಿದರೂ ಹೊರಡುವುದು ಸ, ಗ, ಪ ಸ್ವರಗಳೇ. ಅಕ್ಕಪಕ್ಕದ ಮೂರು ರಂಧ್ರ ಒಟ್ಟಿಗೆ ಊದಿದರೂ ಅಪಸ್ವರವಾಗದು. ಉಸಿರು ಒಳಗೆಳೆದರೆ ಉಳಿದ ಸ್ವರಗಳು ಬರುತ್ತವೆ.

ಇದೇ ಗ್ರೀಕ್ ಪದದಿಂದ ಇನ್ನೊಂದು ಹೆಸರೂ ಹುಟ್ಟಿತು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆಯ್ನ್ ತಮ್ಮ ವಾದ್ಯಕ್ಕೆ ‘ಹಾರ್ಮೋನಿಯಂ’ ಎಂದು ಹೆಸರಿಟ್ಟು ಹಕ್ಕುಪತ್ರ ಪಡೆದರು. ಅದರಲ್ಲೂ ನುಡಿಯುವುದು ಲೋಹದ ನಾಲಗೆಗಳೇ, ಉಸಿರಿನ ಬದಲು ತಿದಿಯ ಗಾಳಿ ಅಷ್ಟೆ. ಆ ವಾದ್ಯ ಭಾರತಕ್ಕೆ ಬಂದಾಗ ಜನ ಗ್ರೀಕ್ ಪದದ ಅರ್ಥ ಕೇಳಲಿಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದರು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆ ಅದು ‘ಪೇಟಿ’ಯಾಯಿತು. ನುಡಿಸುವವರು ‘ಪೇಟಿ ಮಾಸ್ತರ’ರಾದರು. ಭಜನೆಗೂ ನಾಟಕಕ್ಕೂ ಪೇಟಿ ಬೇಕೇ ಬೇಕು.

‘ಪೇಟಿ’ ಮರಾಠಿಯೋ ಕನ್ನಡವೋ ಎಂದು ಭಜನೆಗೆ ಕೂತವರು ಜಗಳವಾಡುವುದಿಲ್ಲ. ಆದರೆ ನಮ್ಮ ಗಡಿಭಾಗದ ಮಕ್ಕಳು ಮಾತನಾಡುವಾಗ ಒಂದು ಮರಾಠಿ ಪದ ಬಂದರೆ, ಇದೆಂಥ ಕನ್ನಡ ಎಂದು ನಗುವವರಿದ್ದಾರೆ. ಮಕ್ಕಳು ನಾಚಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವರಿಗೆ ಈ ಕಥೆ ಹೇಳಬೇಕು. ಗ್ರೀಸಿನ ಪದ ಇಟಲಿಯ ರೂಪ ತೊಟ್ಟು, ಅಮೆರಿಕದವರ ಕೈಸೇರಿ, ಜರ್ಮನರ ಬಾಯಲ್ಲಿ ಬದಲಾಯಿತು. ಅದನ್ನು ಯಾರೂ ಕೆಟ್ಟ ಭಾಷೆ ಎನ್ನಲಿಲ್ಲ. ಹಾಗಿರುವಾಗ ನಮ್ಮ ಮಕ್ಕಳು ‘ಪೇಟಿ’ ಎಂದು ಧೈರ್ಯವಾಗಿ ಹೇಳಲಿ. ಕನ್ನಡದಲ್ಲೇ ಹೇಳುತ್ತಿದ್ದಾರಲ್ಲ, ಅಷ್ಟು ಸಾಕು.