ತಾಳಗುಂದದ ಕುದುರೆಯೂ ಅಳಿಯನ ಜೀಪೂ



ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಮೊನ್ನೆ ದೂರವಾಣಿ ಮಾಡಿದ್ದ. “ಮಾವ, ಶಿರಾಳಕೊಪ್ಪದಲ್ಲಿ ಒಂದು ಹಳೆಯ ಜೀಪು ಮಾರಾಟಕ್ಕಿದೆ. ಹಿಂಭಾಗ ಕತ್ತರಿಸಿ ಪಿಕಪ್ ಮಾಡಿದ್ದಾರೆ. ಫೋರ್ ವ್ಹೀಲ್ ಇದೆ. ರಜೆಗೆ ಬಂದಾಗ ತೋಟ, ಗುಡ್ಡ ಸುತ್ತಲು ಸಾಕು. ಮುಂಗಡ ಕೊಡಲೇ?” ಎಂದು ಕೇಳಿದ. ಇತಿಹಾಸದ ಮೇಷ್ಟರನ್ನು ಗಾಡಿಯ ವಿಷಯಕ್ಕೆ ಕೇಳುವುದು ವಿಚಿತ್ರವೆನಿಸಬಹುದು. ಆದರೆ ನಮ್ಮ ಸೀಮೆಯ ಇತಿಹಾಸ ಆರಂಭವಾಗುವುದೇ ವಾಹನದ ಜಗಳದಿಂದ ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು.

ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವನ್ನು 5ನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹಕ್ಕೆ ಸಿಕ್ಕು, ಅವಮಾನಗೊಂಡು, ಶಸ್ತ್ರ ಹಿಡಿದು, ಶ್ರೀಪರ್ವತದವರೆಗಿನ ದುರ್ಗಮವಾದ ಕಾಡನ್ನು ಸೇರಿದನೆಂದು ಅದು ಹೇಳುತ್ತದೆ. ‘ಅಶ್ವಸಂಸ್ಥ’ ಎಂಬ ಪದಕ್ಕೆ ವಿದ್ವಾಂಸರು ಬೇರೆ ಅರ್ಥವನ್ನೂ ಹೇಳಿದ್ದಾರೆ, ಅದಿರಲಿ. ಅರಸನ ಕುದುರೆ ನಡೆಯದ ನೆಲದಲ್ಲಿ ಕಾಡು ಬಲ್ಲವನೇ ಗೆದ್ದ ಎಂಬುದು ನನ್ನ ವ್ಯಾಖ್ಯಾನ.

ಆ ನೆಲಕ್ಕೆ ಜೀಪು ಬಂದದ್ದು ತೀರ ಈಚೆಗೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದವು ಹರಾಜಾಗಿ ‘ಡಿಸ್ಪೋಸಲ್ ಗಾಡಿ’ಗಳೆಂಬ ಹೆಸರಿನಲ್ಲಿ ಜನರ ಕೈ ಸೇರಿದವು. ಅಂದರೆ ಜೀಪು ನಮ್ಮ ದೇಶದ ಸಾಮಾನ್ಯರಿಗೆ ಪರಿಚಯವಾದದ್ದೇ ಸೆಕೆಂಡ್ ಹ್ಯಾಂಡ್ ಆಗಿ! 1945ರಲ್ಲಿ ಲುಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ‘ಮಹೀಂದ್ರ ಅಂಡ್ ಮೊಹಮ್ಮದ್’ ಸಂಸ್ಥೆ, ಗುಲಾಂ ಮೊಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ ಮೇಲೆ, 1948ರಲ್ಲಿ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ಅವರು ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಬಂದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರಲ್ಲ, ನಮ್ಮ ಮನೆಯ ಹಿರಿಯರ ಬಾಯಲ್ಲಿ ಜೀಪಿಗೆ ಬಹುಕಾಲ ‘ಮಂಗನ ಕಾಯಿಲೆ ಗಾಡಿ’ ಎಂದೇ ಹೆಸರಿತ್ತು.

ಹಳೆಯ ಜೀಪುಗಳು ಪೆಟ್ರೋಲಿನವು. 1985ರಲ್ಲಿ ಪ್ಯೂಜೊ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ನಿನ ಎಂಎಂ 540 ಬಂದಿತು. ಖರ್ಚು ತಾಳಲಾರದೆ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂಡಿಸುವ ರೂಢಿಯೂ ಮಲೆನಾಡಿನಲ್ಲಿ ಬೆಳೆಯಿತು. ನಮ್ಮ ಅಣ್ಣನ ಕಥೆ ಇಲ್ಲಿಂದಲೇ ಶುರು. 1994ರಲ್ಲಿ ಅಡಿಕೆ ಫಸಲನ್ನು ಮುಂಚಿತವಾಗಿ ಚೇಣಿಗೆ ಕೊಟ್ಟು ಅಂಥದೊಂದು ಜೀಪು ತಂದ. ಹೆಸರು ಬದಲಾಯಿಸಲು ಹೋದರೆ ದಾಖಲೆಯ ಎಂಜಿನ್ ನಂಬರೇ ಬೇರೆ, ಗಾಡಿಯಲ್ಲಿದ್ದುದೇ ಬೇರೆ. ಮಾರಿದ ದಲ್ಲಾಳಿ ಕೈಗೆ ಸಿಗಲಿಲ್ಲ. ಜೀಪು ಕೊಟ್ಟಿಗೆಯಲ್ಲಿ ಒಂಬತ್ತು ಮಳೆಗಾಲ ಕಳೆದು ಗುಜರಿಗೆ ಹೋಯಿತು. ಆ ವರ್ಷ ಅತ್ತಿಗೆ ಮಗಳ ಮದುವೆಯನ್ನು ಮುಂದೂಡಿದ್ದನ್ನು ಮನೆಯಲ್ಲಿ ಈಗಲೂ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಆದ್ದರಿಂದ ನಾನೇ ಶಿರಾಳಕೊಪ್ಪಕ್ಕೆ ಹೋಗಿ ನೋಡಿದೆ. ಹೊಸ ಬಣ್ಣ ಥಳಥಳಿಸುತ್ತಿತ್ತು. ನಾನು ಬಣ್ಣ ನೋಡದೆ ಚಾಸಿಯ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ನಂಬರಿನ ಅಚ್ಚು ತೆಗೆದೆ. ಶಾಸನದ ಅಚ್ಚು ತೆಗೆದ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂತು. ಎರಡು ಅಂಕೆಗಳ ಜಾಗದಲ್ಲಿ ಬೆಸುಗೆ! ದಾಖಲೆಯಲ್ಲಿ ಪೆಟ್ರೋಲ್, ಒಳಗೆ ಡೀಸೆಲ್. 15 ವರ್ಷದ ನಂತರ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದನ್ನೂ ಮಾಡಿಸಿರಲಿಲ್ಲ. ಕತ್ತರಿಸಿದ ಹಿಂಭಾಗವಂತೂ ದಾಖಲೆಯಲ್ಲೇ ಇಲ್ಲ. ತಯಾರಕರು ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮುಂಗಡ ಬೇಡವೆಂದು ಅಲ್ಲಿಂದಲೇ ತಿಳಿಸಿದೆ. ಅಳಿಯನಿಗೆ ಸ್ವಲ್ಪ ಮುನಿಸು.

ಪಿಕಪ್ಪೇ ಬೇಕೆಂದರೆ ಕಾರ್ಖಾನೆಯಿಂದಲೇ ಹಾಗೆ ಬಂದದ್ದನ್ನು ನೋಡಬೇಕು. 2016ರಲ್ಲಿ ಬಂದ ಇಸುಜು ವಿ-ಕ್ರಾಸ್ ಬಲಶಾಲಿ, ಆದರೆ ಸುಮಾರು 5.3 ಮೀಟರ್ ಉದ್ದ. ನಮ್ಮ ತೋಟದ ದಣಪೆ ದಾಟಿ ತಿರುಗಿಸುವ ಹೊತ್ತಿಗೆ ಬೇಲಿ ಉಳಿಯದು. ಬೊಲೆರೊ ಕ್ಯಾಂಪರಿನ ಫೋರ್ ವ್ಹೀಲ್ ಮಾದರಿ ಸಿಕ್ಕರೆ ನನ್ನ ಒಲವು ಅದಕ್ಕೆ. ಅದರ ಬಿಡಿಭಾಗಗಳು ನಮ್ಮ ಕಡೆ ಸುಲಭವಾಗಿ ಸಿಗುತ್ತವೆ. ಬೊಲೆರೊ ಎಂಬ ಹೆಸರು ಕಂಡು ಮರುಳಾಗಬಾರದು, ಹೆಚ್ಚಿನವು ಟೂ ವ್ಹೀಲ್. ಫೋರ್ ವ್ಹೀಲನ್ನು ಡಾಂಬರಿನ ಮೇಲೆ ಪರೀಕ್ಷಿಸಬಾರದು. ಒಣ ಡಾಂಬರಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದನ್ನೊಂದು ಜಗ್ಗಿ ಗೇರುಪೆಟ್ಟಿಗೆಗೆ ಪೆಟ್ಟಾಗುತ್ತದೆ. ಸಡಿಲ ಮಣ್ಣಿನಲ್ಲಿ ಲೋ ಗೇರಿಗೆ ಹಾಕಿ ಏರು ಹತ್ತಿಸಿ, ಲಿವರ್ ತಾನಾಗಿ ಹಾರುತ್ತದೆಯೇ ನೋಡಬೇಕು. ಆಮೇಲೆ ಅಡಿಗೆ ಮಲಗಿ ಕೆಂಪು ಕೆಸರನ್ನು ಕೆರೆದು ಚಾಸಿಯ ತುಕ್ಕು, ಮುಂದಿನ ಆಕ್ಸಲಿನ ಎಣ್ಣೆ ಸೋರಿಕೆ ನೋಡಬೇಕು. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಕೆಸರಿನಲ್ಲಿ ಜಾರುತ್ತದೆ. ಎರಡು ಮೂಟೆ ಮರಳು ಹೇರಿ, ಅಲುಗದಂತೆ ಕಟ್ಟಿಕೊಂಡರೆ ಹಿಡಿತ ಸಿಗುತ್ತದೆ.

ಸುತ್ತಾಟ ಸ್ವಂತ ತೋಟ, ಗಾಡಿರಸ್ತೆಗಳಿಗೆ ಸೀಮಿತವಾಗಿರಲಿ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗಿದರೆ 1963ರ ಕರ್ನಾಟಕ ಅರಣ್ಯ ಕಾಯಿದೆ ಸುಮ್ಮನಿರುವುದಿಲ್ಲ. ಕೊಡಚಾದ್ರಿ ಹತ್ತುವ ಆಸೆಯಿದ್ದರೆ ಬಾಡಿಗೆ ಜೀಪಿನಲ್ಲಿ ಚಾಲಕನ ಪಕ್ಕ ಕುಳಿತು ಒಮ್ಮೆ ಹೋಗಿಬರಲಿ.

ಸಾಗರದ ಕಡೆ ತೋಟದವರೊಬ್ಬರ ಕ್ಯಾಂಪರ್ ಇದೆಯೆಂದು ಸುದ್ದಿ ಬಂದಿದೆ. ಭಾನುವಾರ ಅಳಿಯ ಬರುತ್ತಾನೆ. ಕೆಸರಾದರೂ ಚಿಂತೆಯಿಲ್ಲದ ಬಟ್ಟೆ ತರಲು ಹೇಳಿದ್ದೇನೆ. ಪೆನ್ಸಿಲು, ಕಾಗದ ನನ್ನ ಚೀಲದಲ್ಲೇ ಇವೆ.