ಸೋತ ತಂಡಕ್ಕೂ ಇನ್ನೊಂದು ಪಂದ್ಯ

ಹುಕ್ಕೇರಿಯ ಕಾಲೇಜು ತಂಡವೊಂದು ಅಂತರ ಕಾಲೇಜು ಫುಟ್‌ಬಾಲ್ ಪಂದ್ಯಾವಳಿಗೆ ಹೊರಟಿದೆ ಎಂದಿಟ್ಟುಕೊಳ್ಳಿ. ನಾಕ್‌ಔಟ್ ಪದ್ಧತಿಯಾದರೆ, ಮೊದಲ ಪಂದ್ಯ ಸೋತವರು ಅಂದೇ ಊರಿನ ಬಸ್ಸು ಹತ್ತಬೇಕು. ತಿಂಗಳುಗಳ ಅಭ್ಯಾಸ ಅಲ್ಲಿಗೆ ಮುಗಿಯಿತು.

ಇಲ್ಲಿ ಎದುರಾಳಿಗಳನ್ನು ಗೊತ್ತುಮಾಡುವುದು ವಿಶ್ವವಿದ್ಯಾಲಯದ ಗಡಿ. ಬೆಳಗಾವಿ ಭಾಗದ ಕಾಲೇಜುಗಳು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಧಾರವಾಡ ಕೇಂದ್ರವಾಯಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದು, ಆ ಕೇಂದ್ರ ಬೆಳಗಾವಿಗೆ ಸರಿಯಿತು.

ಅಮೆರಿಕದಲ್ಲಿ ಈ ಗಡಿಯನ್ನು ವಿದ್ಯಾಸಂಸ್ಥೆಗಳೇ ಹಾಕಿಕೊಂಡವು. 1895ರಲ್ಲಿ ಏಳು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಷಿಕಾಗೋದಲ್ಲಿ ಸೇರಿ, ಆಡುವವನು ನಿಜವಾದ ವಿದ್ಯಾರ್ಥಿಯೇ ಆಗಿರಬೇಕೆಂದರು. ಮರುವರ್ಷ ಅವರ ಕೂಟ, ಅಂದರೆ ‘ಕಾನ್ಫರೆನ್ಸ್’, ಆರಂಭವಾಯಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್ ಬೇರೆಯೇ ಆಟ. ಆದರೆ ಅಲ್ಲಿ ಈ ವಾರ ಸೋತವರು ಮುಂದಿನ ವಾರವೂ ಆಡುತ್ತಾರೆ. ನೆರೆಹೊರೆಯವರ ಆ ಕೂಟವೇ ಇಂದಿನ ‘ಬಿಗ್ ಟೆನ್’. 2024ರಲ್ಲಿ ಅದರ ಸದಸ್ಯರು 18. ಒಂದು ಕಡಲತೀರದಿಂದ ಇನ್ನೊಂದು ಕಡಲತೀರದವರೆಗೆ! ಹೀಗೆ ಹಿಗ್ಗಿಸಿದ್ದು ಬಹುಪಾಲು ಟೆಲಿವಿಷನ್ ಹಣ. ಟೆಲಿವಿಷನ್ನಿನವನಾದ ನಾನು ಇದನ್ನು ಮುಚ್ಚಿಡಬಾರದು.

ಈಗ ಸ್ವಲ್ಪ ಲೆಕ್ಕ. ಎಂಟು ತಂಡಗಳ ನಾಕ್‌ಔಟ್‌ನಲ್ಲಿ 7 ಪಂದ್ಯಗಳು. ನಾಲ್ಕು ತಂಡಗಳಿಗೆ ಒಂದೇ ಪಂದ್ಯದ ಭಾಗ್ಯ. ಲೀಗ್‌ನಲ್ಲಿ ಪ್ರತಿ ತಂಡಕ್ಕೂ 7, ಒಟ್ಟು 28. ಖರ್ಚೂ ಹೆಚ್ಚು, ನಿಜ. ಆದರೆ ಹುಕ್ಕೇರಿ, ಗೋಕಾಕ, ಮೂಡಲಗಿಯ ಒಂದೊಂದು ತಂಡ ಸೇರಿದರೆ ಮೂರೇ ಪಂದ್ಯಗಳು ಸಾಕು. ಸೋತವರಿಗೂ ಇನ್ನೊಂದು ಆಟ ಸಿಗುತ್ತದೆ. ತಪ್ಪು ತಿದ್ದಿಕೊಳ್ಳಲು ಬೇಕಾದದ್ದು ಅದೇ ಅಲ್ಲವೇ? ನಿಮ್ಮ ದೈಹಿಕ ಶಿಕ್ಷಣ ಅಧ್ಯಾಪಕರನ್ನು ಕೇಳಿ ನೋಡಿ.