ನೇತ್ರಾಣಿ: ಹರಕೆಯ ಗುಡ್ಡ, ಹವಳದ ಬುಡ

ವಾಮದಪದವಿನಂಥ ಒಳನಾಡಿನ ಊರಿಗೆ ಕಡಲು ಬರುವುದು ಮೀನಿನ ಗಾಡಿಯಲ್ಲಿ. ಬಂಗುಡೆ, ಬೂತಾಯಿಯ ಕಣ್ಣು ಕಿವಿರು ನೋಡಿಯೇ ತಾಜಾ ಹೌದೋ ಅಲ್ಲವೋ ಎಂದು ಹೇಳಬಲ್ಲವರು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಮೀನು ಬದುಕುವ ಜಾಗವನ್ನು ಕಂಡವರು ಮಾತ್ರ ಕಡಿಮೆ. ಕಾರ್ಕಳ, ಉಡುಪಿ, ಕುಂದಾಪುರ ದಾಟಿ ಮುರುಡೇಶ್ವರ ತಲುಪಿದರೆ ಅದನ್ನೂ ಕಾಣಬಹುದು. ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಭಟ್ಕಳ ತಾಲೂಕಿಗೆ ಸೇರಿದ ನೇತ್ರಾಣಿ ದ್ವೀಪವಿದೆ.

ಶತಮಾನಗಳ ಕಾಲ ಜನ ಈ ಗುಡ್ಡದ ಮೇಲ್ಭಾಗವನ್ನಷ್ಟೇ ಬಲ್ಲವರಾಗಿದ್ದರು. ಮೀನುಗಾರರಿಗೆ ಅದು ಜಟ್ಟಿಗ ದೈವದ ನೆಲೆ. ಹರಕೆ ಹೊತ್ತವರು ದೋಣಿಯಲ್ಲಿ ಆಡುಗಳನ್ನು ಒಯ್ದು ಅಲ್ಲಿ ಬಿಟ್ಟು ಬರುತ್ತಿದ್ದರು. ಕಾಡುಪಾರಿವಾಳಗಳು ತುಂಬಿದ್ದರಿಂದ ಬ್ರಿಟಿಷರ ನಕ್ಷೆಯಲ್ಲಿ ಅದು ‘ಪಿಜನ್ ಐಲ್ಯಾಂಡ್’. ಬಿಳಿ ಹೊಟ್ಟೆಯ ಕಡಲ ಹದ್ದು ಇಂದಿಗೂ ಅಲ್ಲಿ ಗೂಡು ಕಟ್ಟುತ್ತದೆ. ಸ್ವತಂತ್ರ ಭಾರತದ ನೌಕಾಪಡೆಗೆ ಆ ಬಂಡೆ ಗುಂಡಿನ ಅಭ್ಯಾಸದ ಗುರಿಯಾಯಿತು.

ಗುಡ್ಡದ ಬುಡವನ್ನು ಕಂಡು ತೋರಿಸಲು ನೀರಿಗಿಳಿಯುವ ಕ್ಯಾಮೆರಾ ಬೇಕು. ಆದರೆ ನೀರಿನಡಿಯ ಚಿತ್ರಗಳ ಚರಿತ್ರೆ ಶುರುವಾದದ್ದು ಬೇರೆ ಕಡಲುಗಳಲ್ಲಿ. 1893ರಲ್ಲಿ ಜೀವವಿಜ್ಞಾನಿ ಲೂಯಿ ಬುಟಾಂ ದಕ್ಷಿಣ ಫ್ರಾನ್ಸಿನ ಬಾನ್ಯುಲ್ಸ್ ಕರಾವಳಿಯಲ್ಲಿ ಕ್ಯಾಮೆರಾವನ್ನು ನೀರಿಗಿಳಿಸಿದ. ನೀರಿನಡಿ ಉಸಿರಾಡುತ್ತ ಸ್ವತಂತ್ರವಾಗಿ ಓಡಾಡುವುದು ಸುಲಭವಾದದ್ದು 1943ರಲ್ಲಿ, ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ‘ಅಕ್ವಾಲಂಗ್’ ಎಂಬ ಉಸಿರಾಟದ ಸಾಧನ ರೂಪಿಸಿದ ಮೇಲೆ. 1963ರಲ್ಲಿ ಜಪಾನಿನ ನಿಕಾನ್ ಕಂಪನಿ ‘ನಿಕೊನೋಸ್’ ಮಾರಾಟಕ್ಕೆ ತಂದಾಗ, ನೀರಿಗೆ ಹೆದರದ ಕ್ಯಾಮೆರಾ ಹವ್ಯಾಸಿಗಳ ಕೈಗೂ ಬಂತು.

ಈ ಅಲೆ ಮುರುಡೇಶ್ವರ ಮುಟ್ಟಿದ್ದು 21ನೇ ಶತಮಾನದಲ್ಲಿ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ನೀರಿಗಿಳಿಯುವವರನ್ನು ಹೊತ್ತು ದೋಣಿಗಳು ನೇತ್ರಾಣಿಗೆ ಹೊರಡುತ್ತವೆ. ಹೊಸಬರಿಗೆ ಮೊದಲ ಪಾಠ ಕೈಸನ್ನೆ. ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಇಳಿಯುವಾಗ ಕಿವಿ ಕಟ್ಟಿದರೆ ಮೂಗು ಹಿಡಿದು ಮೆಲ್ಲನೆ ಊದಬೇಕು. ಆಳ ಹೆಚ್ಚಿದಂತೆ ಮೊದಲು ಮಾಯವಾಗುವುದು ಕೆಂಪು. ಹತ್ತು ಮೀಟರ್ ಕೆಳಗೆ ಎಲ್ಲವೂ ನೀಲಿ, ಬೂದು. ಕ್ಯಾಮೆರಾದ ಫ್ಲ್ಯಾಶ್ ಬೆಳಗಿದಾಗ ಬಂಡೆಯ ಮೇಲಿನ ಹವಳ, ಗಿಳಿಮೀನು, ಚಿಟ್ಟೆಮೀನುಗಳ ನಿಜ ಬಣ್ಣ ಒಮ್ಮೆಲೇ ಹೊಮ್ಮುತ್ತದೆ.

ಆ ಬಣ್ಣಗಳನ್ನು ಕನ್ನಡ ನಾಡಿನ ಊರೂರಿಗೆ ಮುಟ್ಟಿಸಿದ್ದು ‘ಗಂಧದ ಗುಡಿ’. ಅಮೋಘವರ್ಷ ನಿರ್ದೇಶನದ ಈ ಸಾಕ್ಷ್ಯಚಿತ್ರಕ್ಕಾಗಿ ನಟ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದರು. ಪುನೀತ್ ತೀರಿಕೊಂಡ ಮರುವರ್ಷ, 2022ರ ಅಕ್ಟೋಬರ್ 28ರಂದು ಅದು ತೆರೆಕಂಡಾಗ, ಕಡಲನ್ನು ದಡದಿಂದಷ್ಟೇ ನೋಡಿದ್ದ ಸಾವಿರಾರು ಮಂದಿ ಅದರ ತಳ ಕಂಡರು.

ಹವಳ ಬೆಳೆಯುವುದು ತೀರಾ ನಿಧಾನ. ದೋಣಿಯ ಲಂಗರು, ಹೊಸಬರ ಕಾಲಿನ ಒದೆತ, ಕಡಲ ನೀರಿನ ಏರುವ ಬಿಸಿ, ಇವೆಲ್ಲ ಅದಕ್ಕೆ ಕುತ್ತು. ಗುಂಡಿನ ಅಭ್ಯಾಸಕ್ಕೆ ನೌಕಾಪಡೆ ಬೇರೆ ಗುರಿ ಹುಡುಕಿಕೊಳ್ಳಬೇಕು ಎಂದು ಪರಿಸರಪ್ರಿಯರು ಕೇಳುತ್ತ ಬಂದಿರುವುದು ನ್ಯಾಯವಾದ ಮಾತು. ಅದರ ಜೊತೆಗೆ ಆಗಬೇಕಾದ ಇನ್ನೊಂದು ಕೆಲಸವಿದೆ: ಮುರುಡೇಶ್ವರದ ಡೈವಿಂಗ್ ತರಬೇತುದಾರರ ಬಳಿ ಇರುವ ಚಿತ್ರಗಳನ್ನು ದಿನಾಂಕ, ಆಳ, ಜಾಗದ ವಿವರದೊಂದಿಗೆ ಒಂದೆಡೆ ಸೇರಿಸಬೇಕು. ಯಾವ ಬಂಡೆಯ ಹವಳ ಯಾವ ವರ್ಷ ಬಿಳಿಚಿತು, ಎಲ್ಲಿ ಮತ್ತೆ ಚಿಗುರಿತು ಎಂಬ ಲೆಕ್ಕ ಆಗ ಸರ್ಕಾರದ ಮುಂದಿಡಲು ಸಿಗುತ್ತದೆ.